ಎಕ್ಸ್‌ಪೋರ್ಟ್ ಎಲ್ಲಿ ಸಿಕ್ಕಿಬೀಳುತ್ತದೆ ಅಂತ ಮೊದಲು ನೋಡಿ, ಗ್ರಾಫಿಕ್ಸ್ ಕಾರ್ಡ್ ಆಮೇಲೆ ಕೊಳ್ಳಿ

ನಾನು ಉಡುಪಿ, ಕುಂದಾಪುರ ಕಡೆಯ ಮದುವೆಗಳನ್ನೂ ಯಕ್ಷಗಾನದ ಆಟಗಳನ್ನೂ ಎಡಿಟ್ ಮಾಡುತ್ತೇನೆ. ಮದುವೆ ವಿಡಿಯೊ ಎಷ್ಟು ಎಳೆದರೂ ಎರಡು, ಮೂರು ಗಂಟೆ. ಆಟ ಹಾಗಲ್ಲ. ಕಾಲಮಿತಿಯದ್ದಾದರೆ ಪರವಾಗಿಲ್ಲ, ಇಡೀ ರಾತ್ರಿಯದ್ದಾದರೆ ಸುಮಾರು ಎಂಟು ಗಂಟೆಯ ಟೈಮ್‌ಲೈನ್. ಅದೂ ಮೂರು ಕ್ಯಾಮೆರಾದ್ದು. ಮೇಳಗಳ ತಿರುಗಾಟ ಮೇ ಕೊನೆಗೆ ಬರುವ ಪತ್ತನಾಜೆಗೆ ಮುಗಿಯುತ್ತದೆ. ಆಮೇಲೆ ಮಳೆಗಾಲವಿಡೀ ನಮ್ಮ ಕೆಲಸ ಅಂದರೆ ಹಿಂದೆ ಉಳಿದ ರೆಕಾರ್ಡಿಂಗ್‌ಗಳನ್ನು ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಮಾಡುವುದು. ಎಂಟು ಗಂಟೆಯ ವಿಡಿಯೊವನ್ನು ಎಚ್.264 ಅನ್ನುವ ಫೈಲ್ ರೂಪಕ್ಕೆ ಕುಗ್ಗಿಸಿ ಹೊರಗೆ ತೆಗೆಯುವಾಗ ಕಂಪ್ಯೂಟರಿನ ಬಲವೂ ಗೊತ್ತಾಗುತ್ತದೆ, ಬಲಹೀನತೆಯೂ ಗೊತ್ತಾಗುತ್ತದೆ.

ನನ್ನ ಹಳೆಯ ಕಂಪ್ಯೂಟರ್ ಇಂಟೆಲ್ ಐ7-9700ಎಫ್ ಪ್ರೊಸೆಸರಿನದ್ದು. ಅದರಲ್ಲಿ ಜಿಟಿಎಕ್ಸ್ 1660 ಗ್ರಾಫಿಕ್ಸ್ ಕಾರ್ಡ್ ಇತ್ತು, 32 ಜಿಬಿ ರ‍್ಯಾಮ್ ಇತ್ತು. 8-ಬಿಟ್ ಕ್ಯಾಮೆರಾದ ಫೂಟೇಜ್ ಇದ್ದಷ್ಟು ಕಾಲ ಅದು ಸರಾಗವಾಗಿ ಕೆಲಸ ಮಾಡಿತು. ಆಮೇಲೆ ಜೊತೆಗಾರ ಕ್ಯಾಮೆರಾಮನ್‌ಗಳು ಸೋನಿ ಎ7 4ರಂಥ ಹೊಸ ಕ್ಯಾಮೆರಾ ತಂದರು. ಅದರಲ್ಲಿ ಬಣ್ಣವನ್ನು ಹೆಚ್ಚು ವಿವರವಾಗಿ ಹಿಡಿಯುವ 10-ಬಿಟ್ 4:2:2 ರೆಕಾರ್ಡ್ ಮಾಡಲು ಶುರು ಮಾಡಿದರು. ಬಣ್ಣ ತುಂಬಾ ಚೆನ್ನಾಗಿ ಬಂತು. ಎಕ್ಸ್‌ಪೋರ್ಟ್ ಮಾತ್ರ ಕುಂಟತೊಡಗಿತು. ಒಂದು ಗಂಟೆಯ ವಿಡಿಯೊ ಹೊರಬರಲು ಎರಡು ಗಂಟೆಗೂ ಜಾಸ್ತಿ ಬೇಕಾಯಿತು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಮಾರಾಯ್ರೆ, ನಿಮ್ಮ ಕಾರ್ಡ್ ಸಣ್ಣದಾಯ್ತು, ದೊಡ್ಡದು ಹಾಕಿ."

ಕಾರ್ಡಿಗೆ ದುಡ್ಡು ಹಾಕುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಅದರಿಂದ ತಿಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಎಷ್ಟೋ ಹುಡುಗರು ಸಾಲ ಮಾಡಿ ಬೇಡದ ಭಾಗಕ್ಕೆ ಹಣ ಹಾಕುವುದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಎಕ್ಸ್‌ಪೋರ್ಟ್ ಅನ್ನೋದು ಒಂದು ಕೆಲಸವಲ್ಲ, ಮೂರು ಕೆಲಸ. ಕ್ಯಾಮೆರಾದ ಫೈಲ್ ಕೂಡ ಮೊದಲೇ ಕುಗ್ಗಿಸಿದ್ದು. ಅದನ್ನು ಬಿಚ್ಚಿ ಒಂದೊಂದು ಫ್ರೇಮ್ ಆಗಿ ಹೊರತೆಗೆಯಬೇಕು, ಇದು ಡಿಕೋಡ್. ಆ ಫ್ರೇಮಿನ ಮೇಲೆ ಕಲರ್, ಟೈಟಲ್, ಟ್ರಾನ್ಸಿಶನ್ ಎಲ್ಲ ಹಚ್ಚಬೇಕು, ಇದು ರೆಂಡರ್. ಕೊನೆಗೆ ಮತ್ತೆ ಎಚ್.264 ಅಥವಾ ಎಚ್.265ಗೆ ಕುಗ್ಗಿಸಬೇಕು, ಇದು ಎನ್‌ಕೋಡ್. ಮದುವೆ ಮನೆಯಲ್ಲಿ ತರಕಾರಿ ಹೆಚ್ಚುವವರು, ಅಡುಗೆಯವರು, ಬಡಿಸುವವರು ಇದ್ದ ಹಾಗೆ. ಹೆಚ್ಚುವವರು ನಿಧಾನವಾದರೆ ಬಡಿಸಲು ಎಷ್ಟು ಜನ ನಿಂತರೂ ಪಂಕ್ತಿ ಮುಂದೆ ಹೋಗುವುದಿಲ್ಲ. ಈ ಮೂರೂ ಕೆಲಸವನ್ನು ಕಂಪ್ಯೂಟರಿನ ಬೇರೆ ಬೇರೆ ಭಾಗಗಳು ಮಾಡುತ್ತವೆ. ಗ್ರಾಫಿಕ್ಸ್ ಕಾರ್ಡಿನ ಒಳಗೂ ರೆಂಡರ್ ಮಾಡುವ ಜಾಗ ಬೇರೆ, ವಿಡಿಯೊ ಬಿಚ್ಚುವ, ಕುಗ್ಗಿಸುವ ಪುಟ್ಟ ಸರ್ಕ್ಯೂಟ್‌ಗಳು ಬೇರೆ. ಕಾರ್ಡಿನ ಪೆಟ್ಟಿಗೆ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸಂಖ್ಯೆಗಳು ಹೆಚ್ಚಾಗಿ ರೆಂಡರ್ ಮಾಡುವ ಜಾಗದ ಬಗ್ಗೆ ಮಾತ್ರ.

ಇದನ್ನು ಕಣ್ಣಾರೆ ನೋಡಬಹುದು. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆ ಒತ್ತಿ. ಅಲ್ಲಿ ಸಾಮಾನ್ಯವಾಗಿ ನಾಲ್ಕು ಸಣ್ಣ ಗ್ರಾಫ್ ಕಾಣುತ್ತವೆ. ಒಂದೊಂದರ ತಲೆ ಮೇಲೂ ಒಂದು ಪಟ್ಟಿ ಇರುತ್ತದೆ, ಅದರಿಂದ ವಿಡಿಯೊ ಡಿಕೋಡ್, ವಿಡಿಯೊ ಎನ್‌ಕೋಡ್, 3ಡಿ, ಕುಡಾ (ಎನ್‌ವಿಡಿಯಾ ಕಂಪನಿಯ ಕಾರ್ಡಿನಲ್ಲಿ ರೆಂಡರ್ ಕೆಲಸ) ಹೀಗೆ ಆರಿಸಿಕೊಳ್ಳಬಹುದು. ಅದನ್ನು ತೆರೆದಿಟ್ಟುಕೊಂಡು ಎಕ್ಸ್‌ಪೋರ್ಟ್ ಶುರು ಮಾಡಿ, ಸುಮ್ನೆ ನೋಡುತ್ತಾ ಕೂತುಕೊಳ್ಳಿ. ನನ್ನಲ್ಲಿ ಕಂಡದ್ದು ಇದು: ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿತ್ತು. ವಿಡಿಯೊ ಡಿಕೋಡ್ ಸೊನ್ನೆ. ವಿಡಿಯೊ ಎನ್‌ಕೋಡ್ ಆಗಾಗ ಸ್ವಲ್ಪ ಮೇಲೆದ್ದು ಮತ್ತೆ ಮಲಗುತ್ತಿತ್ತು. ಕುಡಾ ಗ್ರಾಫ್ ಕೂಡ ಕೆಳಗೇ ಇತ್ತು. ಎಲ್ಲರೂ ಸಣ್ಣದಾಯ್ತು ಅಂದ ಕಾರ್ಡ್ ಹೆಚ್ಚಿನ ಹೊತ್ತು ಕೆಲಸಕ್ಕಾಗಿ ಕಾಯುತ್ತಿತ್ತು!

ಖಾತ್ರಿಗೆ ಇನ್ನೊಂದು ಮಾಡಿದೆ. ಐದು ನಿಮಿಷದ ಒಂದು ತುಂಡನ್ನು ಪ್ರೊರೆಸ್ ಅನ್ನುವ ಫೈಲ್ ರೂಪಕ್ಕೆ ಬದಲಾಯಿಸಿಕೊಂಡೆ. ಪ್ರೊರೆಸ್ ಬಿಚ್ಚಲು ತುಂಬಾ ಹಗುರ, ಫೈಲ್ ಮಾತ್ರ ದೊಡ್ಡದು. ಅದೇ ಎಫೆಕ್ಟ್, ಅದೇ ಸೆಟ್ಟಿಂಗ್ ಇಟ್ಟು ಎಕ್ಸ್‌ಪೋರ್ಟ್ ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದ ಹಾಗಿತ್ತು. ಅಲ್ಲಿಗೆ ಅನುಮಾನ ಉಳಿಯಲಿಲ್ಲ. ಸಿಕ್ಕಿಬಿದ್ದಿದ್ದು ಕ್ಯಾಮೆರಾದ ಫೈಲ್ ಬಿಚ್ಚುವಲ್ಲಿ.

ಯಾಕೆ ಹೀಗೆ ಅಂದರೆ, 4:2:2 ಅಂದರೆ 4:2:0ಗಿಂತ ಬಣ್ಣದ ಮಾಹಿತಿ ಎರಡು ಪಟ್ಟು. ಟಿವಿ, ಮೊಬೈಲ್, ಯೂಟ್ಯೂಬ್ ಎಲ್ಲ ನಡೆಯುವುದು 4:2:0 ಮೇಲೆ. ಹಾಗಾಗಿ ಹೆಚ್ಚಿನ ಚಿಪ್‌ಗಳ ವಿಡಿಯೊ ಸರ್ಕ್ಯೂಟ್ ಅದಕ್ಕಷ್ಟೇ ತಯಾರಾಗಿತ್ತು. 4:2:2 ಬಂದ ಕೂಡಲೇ ಆ ಸರ್ಕ್ಯೂಟ್ ಕೈ ಎತ್ತುತ್ತದೆ, ಭಾರವೆಲ್ಲ ಪ್ರೊಸೆಸರಿನ ತಲೆ ಮೇಲೆ ಬೀಳುತ್ತದೆ. ಎನ್‌ವಿಡಿಯಾ ಕಾರ್ಡ್‌ಗಳಲ್ಲಿ 4:2:2 ಬಿಚ್ಚುವ ಶಕ್ತಿ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಿಂದ. ಅದಕ್ಕಿಂತ ಹಿಂದಿನದ್ದು ಆರ್‌ಟಿಎಕ್ಸ್ 4090 ಆದರೂ ಈ ಕೆಲಸ ಬರುವುದಿಲ್ಲ. ಆದರೆ ಇಂಟೆಲ್ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್, ಅದರ ಕ್ವಿಕ್ ಸಿಂಕ್ ಅನ್ನುವ ವಿಡಿಯೊ ಸರ್ಕ್ಯೂಟ್, 11ನೇ ತಲೆಮಾರಿನಿಂದಲೇ ಎಚ್.265ರ 10-ಬಿಟ್ 4:2:2 ಬಿಚ್ಚುತ್ತದೆ. ಆಪಲ್‌ನ ಎಂ1 ಮತ್ತು ಆಮೇಲಿನ ಚಿಪ್‌ಗಳಿಗೂ ಅದು ಬರುತ್ತದೆ. ಅತಿ ದುಬಾರಿ ಕಾರ್ಡಿಗೆ ಆಗದ್ದು ಪ್ರೊಸೆಸರಿನ ಜೊತೆ ಪುಕ್ಕಟೆ ಬರುವ ಗ್ರಾಫಿಕ್ಸ್‌ಗೆ ಆಗುತ್ತದೆ ಅಂದರೆ ನಂಬಲು ಕಷ್ಟ, ಅಲ್ವಾ? ಆದರೂ ನಿಜ.

ಇಲ್ಲಿ ಒಂದು ಅಕ್ಷರವನ್ನು ಕಡ್ಡಾಯವಾಗಿ ನೋಡಬೇಕು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಇದ್ದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಕ್ವಿಕ್ ಸಿಂಕ್ ಕೂಡ ಇಲ್ಲ. ಅಂಗಡಿಯಲ್ಲಿ ಎಫ್ ಮಾದರಿಯನ್ನೇ ಮುಂದೆ ಇಡುತ್ತಾರೆ, ಯಾಕೆಂದರೆ ಬೆಲೆ ಸ್ವಲ್ಪ ಕಡಿಮೆ. "ಹೇಗೂ ಬೇರೆ ಕಾರ್ಡ್ ಹಾಕ್ತೀರಲ್ಲ, ಒಳಗಿನದ್ದು ಯಾಕೆ?" ಅಂತ ಕೇಳುತ್ತಾರೆ. ಕಂಪ್ಯೂಟರ್ ಗೇಮ್ ಆಡುವವರಿಗೆ ಆ ಮಾತು ಸರಿ. ಎಡಿಟಿಂಗ್ ಮಾಡುವವರಿಗೆ ಆ ಉಳಿತಾಯ ನಷ್ಟದ ಬಾಬ್ತು. ನಾನು ಐ5-13500 ತೆಗೆದುಕೊಂಡೆ. ಅದರಲ್ಲಿರುವ ಯುಎಚ್‌ಡಿ 770 ಗ್ರಾಫಿಕ್ಸ್‌ಗೆ ಎರಡು ವಿಡಿಯೊ ಎಂಜಿನ್ (ಬಿಚ್ಚುವ, ಕುಗ್ಗಿಸುವ ಸರ್ಕ್ಯೂಟ್) ಇವೆ. ಐ5-12400ರಂಥವುಗಳಲ್ಲಿ ಬರುವ ಯುಎಚ್‌ಡಿ 730ರಲ್ಲಿ ಒಂದೇ. ಮೂರು ಕ್ಯಾಮೆರಾ ಒಟ್ಟಿಗೆ ಓಡಿಸುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಹಳೆಯ 1660 ಕಾರ್ಡನ್ನು ತೆಗೆದು ಹೊಸ ಕಂಪ್ಯೂಟರಿಗೇ ಹಾಕಿದೆ.

ಜೋಡಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಬೇರೆ ಕಾರ್ಡ್ ಹಾಕಿದರೆ ಕೆಲವು ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಮುಚ್ಚಿಬಿಡುತ್ತವೆ. ಬಯೋಸಿಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟಕ್ಕೆ) ಹೋಗಿ ಅದನ್ನು ಎನೇಬಲ್ ಮಾಡಬೇಕು, ಇಂಟೆಲ್‌ನ ಡ್ರೈವರ್ ಹಾಕಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು 0, ಜಿಪಿಯು 1 ಅಂತ ಎರಡು ಕಂಡರೆ ಸರಿಯಾಯಿತು. ನಾನು ಎಡಿಟ್ ಮಾಡುವ ಪ್ರೀಮಿಯರ್ ಪ್ರೊದಲ್ಲಿ ಪ್ರಿಫರೆನ್ಸಸ್, ಮೀಡಿಯಾ ಅಂತ ಹೋಗಿ ಹಾರ್ಡ್‌ವೇರ್ ಡಿಕೋಡಿಂಗ್‌ನಲ್ಲಿ ಇಂಟೆಲ್‌ಗೆ ಟಿಕ್ ಹಾಕಿ, ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಇಷ್ಟು ಆದ ಮೇಲೆ ನನ್ನಲ್ಲಿ ಇಂಟೆಲ್‌ನ ಡಿಕೋಡ್ ಗ್ರಾಫ್ ಮೇಲೆದ್ದಿತು, ಪ್ರೊಸೆಸರ್ ಉಸಿರಾಡಿತು, 1660ಕ್ಕೆ ಕೈ ತುಂಬಾ ಕೆಲಸ ಸಿಕ್ಕಿತು. ಒಂದು ಗಂಟೆಯ ವಿಡಿಯೊ ಒಂದು ಗಂಟೆಗೂ ಎಷ್ಟೋ ಮುಂಚೆ ಹೊರಬರತೊಡಗಿತು. ಕಾರ್ಡ್ ಅದೇ!

ಒಂದು ಎಚ್ಚರಿಕೆ. ಇದೆಲ್ಲ ಎಚ್.265 ಫೈಲಿನ ಮಾತು. ಸೋನಿ ಎ7 4ರಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ ಅಂದರೆ ಎಚ್.265, ಎಕ್ಸ್‌ಎವಿಸಿ ಎಸ್ ಅಂದರೆ ಎಚ್.264. ಎಚ್.264ರಲ್ಲಿ 10-ಬಿಟ್ 4:2:2 ರೆಕಾರ್ಡ್ ಮಾಡಿದರೆ ನನ್ನ ಇಂಟೆಲ್‌ನ ಸರ್ಕ್ಯೂಟಿಗೂ ಅದು ಬರುವುದಿಲ್ಲ, ಮತ್ತೆ ಪ್ರೊಸೆಸರೇ ದುಡಿಯಬೇಕು. ನಮ್ಮ ಕ್ಯಾಮೆರಾಮನ್‌ಗಳಿಗೆ ನಾನು ಈಗ ಆಟಕ್ಕೆ ಮುಂಚೆಯೇ ಯಾವುದರಲ್ಲಿ ಶೂಟ್ ಮಾಡಬೇಕು ಅಂತ ಹೇಳಿಬಿಡುತ್ತೇನೆ. ಕಂಪ್ಯೂಟರ್ ಬದಲಾಯಿಸುವುದಕ್ಕಿಂತ ಕ್ಯಾಮೆರಾದ ಮೆನು ಬದಲಾಯಿಸುವುದು ಸುಲಭ.

ಇನ್ನು ಕುಗ್ಗಿಸುವ ಕೆಲಸ. ಒಂದೇ ತಲೆಮಾರಿನ ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಎನ್‌ಕೋಡ್ ಸರ್ಕ್ಯೂಟ್ ಹೆಚ್ಚುಕಡಿಮೆ ಒಂದೇ. ಆರ್‌ಟಿಎಕ್ಸ್ 4060ರಲ್ಲೂ ಒಂದು, 4070ರಲ್ಲೂ ಒಂದು. 4070 ಟಿಐನಿಂದ ಮೇಲೆ ಎರಡು. ಹಾಗಾಗಿ ಬರೀ ಎಕ್ಸ್‌ಪೋರ್ಟ್ ಬೇಗ ಆಗಲಿ ಅಂತ 4060 ಬಿಟ್ಟು 4070 ತೆಗೆದುಕೊಂಡರೆ ಕೊಟ್ಟ ದುಡ್ಡಿಗೆ ತಕ್ಕ ಲಾಭ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಜಿಟಿ 1030ರಲ್ಲಿ ಎನ್‌ಕೋಡ್ ಸರ್ಕ್ಯೂಟ್ ಇಲ್ಲವೇ ಇಲ್ಲ. ಎಎಂಡಿಯ ಆರ್‌ಎಕ್ಸ್ 6400, 6500 ಎಕ್ಸ್‌ಟಿಗಳಲ್ಲೂ ಇಲ್ಲ.

ಪ್ರೀಮಿಯರಿನ ಎಕ್ಸ್‌ಪೋರ್ಟ್ ಸೆಟ್ಟಿಂಗಿನಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಅಂತ ಇದೆಯಾ ನೋಡಿ. ವಿಬಿಆರ್ 2 ಪಾಸ್ (ವಿಡಿಯೊವನ್ನು ಎರಡು ಸಲ ನೋಡಿ ಕುಗ್ಗಿಸುವುದು) ಆರಿಸಿದರೆ ಅದು ತಾನಾಗಿ ಸಾಫ್ಟ್‌ವೇರ್‌ಗೆ, ಅಂದರೆ ಪ್ರೊಸೆಸರಿಗೆ ಹೋಗಿಬಿಡುತ್ತದೆ, ಆಗ ಕಾರ್ಡಿನ ಸರ್ಕ್ಯೂಟ್ ಸುಮ್ಮನೆ ಕೂರುತ್ತದೆ. ಹಾಗಂತ ಸಾಫ್ಟ್‌ವೇರ್ ಎನ್‌ಕೋಡಿಂಗ್ ಕೆಟ್ಟದ್ದಲ್ಲ. ಕಡಿಮೆ ಬಿಟ್‌ರೇಟಿನಲ್ಲಿ (ಒಂದು ಸೆಕೆಂಡಿನ ವಿಡಿಯೊಗೆ ಕೊಡುವ ಡೇಟಾ) ಚಿತ್ರ ಅದರಲ್ಲೇ ಚೆನ್ನಾಗಿ ಉಳಿಯುತ್ತದೆ. ಯಕ್ಷಗಾನದಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಹಿಂದೆ ಕತ್ತಲು, ಮುಂದೆ ಕೆಂಪು, ಕಪ್ಪು, ಚಿನ್ನದ ಬಣ್ಣದ ವೇಷ, ಮೈಮೇಲೆಲ್ಲ ಮಿನುಗುವ ಆಭರಣ. ವೇಷ ನಿಂತಿರುವಾಗ ಏನೂ ತೊಂದರೆ ಇಲ್ಲ. ಚೆಂಡೆ ಏರಿ ವೇಷಧಾರಿ ಗಿರ್ಕಿ ಹೊಡೆಯಲು ಶುರು ಮಾಡಿದರೆ ಪ್ರತಿ ಫ್ರೇಮೂ ಹೊಸದೇ. ಆಗ ಬಿಟ್‌ರೇಟ್ ಸಾಲದೆ ಸೊಂಟದ ಪಟ್ಟಿಯ ಹತ್ತಿರ, ಕಿರೀಟದ ಅಂಚಿನಲ್ಲಿ ಚೌಕ ಚೌಕ ಎದ್ದು ಕಾಣುತ್ತದೆ. ಮದುವೆಯಲ್ಲಿ ಧಾರೆಯ ಹೊತ್ತಿಗೆ ಅಕ್ಷತೆ ಎರಚುವಾಗಲೂ ಇದೇ ಗೋಳು.

ಇದಕ್ಕೆ ನಾನು ಕಂಡುಕೊಂಡ ದಾರಿ, ಹಾರ್ಡ್‌ವೇರ್‌ನಲ್ಲೇ ಮಾಡುವುದು, ಬಿಟ್‌ರೇಟ್ ಧಾರಾಳವಾಗಿ ಕೊಡುವುದು. 1080ಪಿ, ಸೆಕೆಂಡಿಗೆ 25 ಫ್ರೇಮಿನ ವಿಡಿಯೊಗೆ ಯೂಟ್ಯೂಬ್ ಹೇಳುವುದು 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್). ನಾನು ಆಟಕ್ಕೆ 16 ಕೊಡುತ್ತೇನೆ. ಯೂಟ್ಯೂಬ್ ಹೇಗೂ ಮತ್ತೊಮ್ಮೆ ಕುಗ್ಗಿಸುತ್ತದೆ, ನಾವು ಕೊಡುವುದಾದರೂ ಚೆನ್ನಾಗಿರಲಿ. 16 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 2 ಎಂಬಿ. ಎಂಟು ಗಂಟೆಗೆ ಸುಮಾರು 58 ಜಿಬಿ. ಯೂಟ್ಯೂಬಿನ 12 ಗಂಟೆ, 256 ಜಿಬಿ ಮಿತಿಯ ಒಳಗೇ ಬರುತ್ತದೆ. ಪೆನ್‌ಡ್ರೈವಿನಲ್ಲಿ ಕೇಳಿದವರಿಗೆ ತುಂಡು ಮಾಡಿ ಕೊಡುತ್ತೇನೆ. ಪೆನ್‌ಡ್ರೈವಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ.

ಅದೇ ಲೆಕ್ಕದಿಂದ ಡಿಸ್ಕಿನ ವಿಷಯವೂ ತಿಳಿಯುತ್ತದೆ. ಸೆಕೆಂಡಿಗೆ 2 ಎಂಬಿ ಬರೆಯಲು ಯಾವ ಹಳೆಯ ಹಾರ್ಡ್ ಡಿಸ್ಕ್ ಆದರೂ ಸಾಕು. ಎಕ್ಸ್‌ಪೋರ್ಟ್ ಫೈಲ್ ಬೀಳುವ ಜಾಗಕ್ಕೆ ದುಬಾರಿ ಎಸ್‌ಎಸ್‌ಡಿ ಬೇಕಿಲ್ಲ. ಬೇಕಾಗುವುದು ಓದುವ ಜಾಗಕ್ಕೆ. ಮೂರು ಕ್ಯಾಮೆರಾದ ಫೈಲ್ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದರೆ ಅದರ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಿಯೇ ಸುಸ್ತಾಗುತ್ತದೆ. ಎಡಿಟ್ ನಡೆಯುತ್ತಿರುವ ಫೂಟೇಜ್ ಮಾತ್ರ ಎಸ್‌ಎಸ್‌ಡಿಯಲ್ಲಿ, ಮುಗಿದದ್ದು ಹಾರ್ಡ್ ಡಿಸ್ಕಿನಲ್ಲಿ. ರ‍್ಯಾಮ್ ಎಚ್‌ಡಿ ಕೆಲಸಕ್ಕೆ 16 ಜಿಬಿ, 4ಕೆಗೆ 32 ಜಿಬಿ ಇದ್ದರೆ ಆಯಿತು.

ಹಾಗಾದರೆ ದೊಡ್ಡ ಕಾರ್ಡ್ ಯಾರಿಗೆ ಬೇಕು? ನಡುವಿನ ಕೆಲಸ, ಅಂದರೆ ರೆಂಡರ್ ಭಾರ ಇರುವವರಿಗೆ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಪ್ರೋಗ್ರಾಂನಲ್ಲಿ ನಾಯ್ಸ್ ರಿಡಕ್ಷನ್ (ಚಿತ್ರದ ಮೇಲಿನ ಕಾಳು ತೆಗೆಯುವುದು) ಹಾಕುವವರಿಗೆ, 4ಕೆ ಟೈಮ್‌ಲೈನಿನಲ್ಲಿ ಒಂದರ ಮೇಲೊಂದು ಕಲರ್ ಗ್ರೇಡ್ ಏರಿಸುವವರಿಗೆ ಕಾರ್ಡಿನ ಬಲವೂ ಬೇಕು, ಕನಿಷ್ಠ 8 ಜಿಬಿ ಮೆಮೊರಿಯೂ ಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ಕುಡಾ ಗ್ರಾಫ್ ನೂರಕ್ಕೆ ಅಂಟಿಕೊಂಡು ನಿಂತಿದ್ದರೆ ಧೈರ್ಯವಾಗಿ ಕಾರ್ಡ್ ಕೊಳ್ಳಿ.

ಕರಾವಳಿಯಲ್ಲಿ ಇನ್ನೊಂದು ಕಾಟ ಇದೆ, ಸೆಕೆ. ಎಂಟು ಗಂಟೆಯ ಎಕ್ಸ್‌ಪೋರ್ಟ್ ಅಂದರೆ ಎಷ್ಟೋ ಹೊತ್ತು ಬಿಡುವಿಲ್ಲದ ದುಡಿಮೆ. ಪ್ರೊಸೆಸರ್ ಕಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿ ಮೊದಲ ಹತ್ತು ನಿಮಿಷ ಜೋರಾಗಿ ಓಡಿ ಆಮೇಲೆ ನಿಧಾನವಾಗುವುದು ಇದಕ್ಕೇ. ಮೇಳದ ಸೀಸನ್ ಶುರುವಾಗುವ ಮುಂಚೆ ನಾನು ಫ್ಯಾನುಗಳ ಧೂಳು ತೆಗೆಸಿ ಪ್ರೊಸೆಸರಿನ ಮೇಲೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿಸುತ್ತೇನೆ.

ಕೊನೆಯದಾಗಿ ಕರೆಂಟು. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಅಂತ ಹೇಳುವ ಒಂದು ಪಟ್ಟಿ ಇರುತ್ತದೆ. ಸಾಮಾನ್ಯವಾಗಿ ಅದನ್ನು ಬರೆಯುವುದು ಎಲ್ಲ ಮುಗಿದ ಮೇಲೆ. ಹಾಗಾಗಿ ನೂರಕ್ಕೆ ತೊಂಬತ್ತೈದು ಮುಗಿದಾಗ ಕರೆಂಟ್ ಹೋದರೆ ಡಿಸ್ಕಿನಲ್ಲಿ 50 ಜಿಬಿ ಫೈಲ್ ಇದ್ದರೂ ಯಾವ ಪ್ಲೇಯರಿನಲ್ಲೂ ತೆರೆಯುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ ಕೆಲವು ನಿಮಿಷಕ್ಕಷ್ಟೇ. ಅದು ಕಂಪ್ಯೂಟರನ್ನು ಸರಿಯಾಗಿ ಮುಚ್ಚಲು, ಎಕ್ಸ್‌ಪೋರ್ಟ್ ಮುಗಿಸಲು ಅಲ್ಲ. ನಾನು ಮನೆಯ ಇನ್ವರ್ಟರಿನಿಂದ ಎಡಿಟಿಂಗ್ ಕೋಣೆಗೆ ಒಂದು ಲೈನ್ ಎಳೆಸಿ, ಯುಪಿಎಸ್ಸನ್ನು ಅದಕ್ಕೆ ಸಿಕ್ಕಿಸಿದ್ದೇನೆ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ದರೆ ಅದನ್ನೇ ಹಾಕಿ, ಕರೆಂಟ್ ಹೋದಾಗ ಬದಲಾಗುವುದು ಬೇಗ. ಇಡೀ ರಾತ್ರಿಯ ಆಟವನ್ನು ಒಂದೇ ಏಟಿಗೆ ತೆಗೆಯದೆ, ಪೂರ್ವರಂಗ ಒಂದು, ಆಮೇಲೆ ಪ್ರಸಂಗವನ್ನು ಒಂದೂವರೆ ಗಂಟೆಗೊಂದರಂತೆ ಬೇರೆ ಬೇರೆ ಫೈಲ್ ಮಾಡಿ ಕ್ಯೂಗೆ ಹಾಕುತ್ತೇನೆ. ಎಲ್ಲವೂ ಒಂದೇ ಸೆಟ್ಟಿಂಗಿನಲ್ಲಿ ಬಂದಿದ್ದರೆ ಎಫ್‌ಎಫ್‌ಎಂಪೆಗ್ ಅನ್ನುವ ಪ್ರೋಗ್ರಾಂನಲ್ಲಿ ಮತ್ತೆ ಕುಗ್ಗಿಸದೆ ಹಾಗೇ ಜೋಡಿಸಬಹುದು, ಡಿಸ್ಕ್ ಓಡುವಷ್ಟು ಬೇಗ ಮುಗಿಯುತ್ತದೆ.