ಸಕಾಕಿ ಕೊಂಬೆಗೆ ಬಿಳಿ ಕಾಗದ ಕಟ್ಟಲು ಕಲಿತದ್ದು

ನಾನಿರುವುದು ಜಪಾನಿನ ಸೈತಾಮಾದಲ್ಲಿ. ಮನೆಯಿಂದ ಐದು ನಿಮಿಷ ನಡೆದರೆ ಜಪಾನಿನ ಮೂಲ ಧರ್ಮವಾದ ಶಿಂಟೊದ ಒಂದು ಸಣ್ಣ ಗುಡಿ ಸಿಗುತ್ತದೆ. ಜೂನ್ 30 ಮತ್ತು ಡಿಸೆಂಬರ್ 31ಕ್ಕೆ ಅಲ್ಲಿ ‘ಓಹರಾಯೆ’ ನಡೆಯುತ್ತದೆ. ಆರು ತಿಂಗಳಲ್ಲಿ ಅಂಟಿಕೊಂಡ ಮೈಲಿಗೆಯನ್ನೆಲ್ಲ ಕಳೆಯುವ ಶುದ್ಧಿ ಅದು. ಮೂರು ವರ್ಷದಿಂದ ಅದರ ತಯಾರಿಗೆ ನಾನೂ ಹೋಗುತ್ತಿದ್ದೇನೆ. ನನ್ನ ಕೆಲಸ ಕಾಗದ ಕತ್ತರಿಸುವುದು.

ಪುರೋಹಿತರು ಬೀಸುವ ಕೋಲಿಗೆ ‘ಓನುಸಾ’ ಅನ್ನುತ್ತಾರೆ. ಅದರ ತುದಿಯಲ್ಲಿ ಗೊಂಚಲಾಗಿ ತೂಗುವ ಅಂಕುಡೊಂಕು ಬಿಳಿ ಕಾಗದವೇ ‘ಶಿದೆ’. ಕಲಿಸಿದ್ದು ಪಕ್ಕದ ಬೀದಿಯ ಅಜ್ಜಿ. ಉದ್ದನೆಯ ಹಾಳೆಯನ್ನು ಎರಡು ಪದರ ಮಾಡಿ, ನಾಲ್ಕು ಸಮ ಭಾಗಕ್ಕೆ ಗುರುತು ಹಾಕಬೇಕು. ಮೊದಲ ಗುರುತಿನಲ್ಲಿ ಒಂದು ಅಂಚಿನಿಂದ ಸೀಳು, ಎರಡನೆಯದರಲ್ಲಿ ಎದುರು ಅಂಚಿನಿಂದ, ಮೂರನೆಯದು ಮತ್ತೆ ಮೊದಲಿನ ಅಂಚಿನಿಂದ. ಯಾವುದನ್ನೂ ಪೂರ್ತಿ ಸೀಳಬಾರದು. ಅಗಲದ ಮೂರರಲ್ಲಿ ಎರಡು ಪಾಲಿಗೆ ಕತ್ತರಿ ನಿಲ್ಲಿಸಬೇಕು. ಆಮೇಲೆ ಒಂದೊಂದೇ ತುಂಡನ್ನು ನಮ್ಮ ಕಡೆಗೆ ಮಡಚುತ್ತಾ ಹೋದರೆ ಕಾಗದ ಮಿಂಚಿನ ಹಾಗೆ ಕೆಳಗಿಳಿಯುತ್ತದೆ. ನಾನು ಮೊದಲ ದಿನ ಸೀಳನ್ನು ಜಾಸ್ತಿ ಉದ್ದ ಮಾಡಿಬಿಟ್ಟೆ. ಮಡಚುವಾಗ ಮೂಲೆಗಳು ಒಂದೊಂದಾಗಿ ಹರಿದವು. ಅಜ್ಜಿ ಏನೂ ಬೈಯಲಿಲ್ಲ, ಇನ್ನೊಂದು ಹಾಳೆ ಮುಂದಿಟ್ಟರು ಅಷ್ಟೇ. ಈಗ ಕತ್ತರಿ ಎಲ್ಲಿ ನಿಲ್ಲಬೇಕು ಅಂತ ಬೆರಳಿಗೇ ಗೊತ್ತು.

ಈ ಕಾಗದ ಸುಮ್ನೆ ಅಲಂಕಾರಕ್ಕಲ್ಲ. ಕ್ರಿ.ಶ. 712ರ ಜಪಾನಿ ಪುರಾಣಗ್ರಂಥ ‘ಕೊಜಿಕಿ’ಯಲ್ಲಿ ಒಂದು ಕತೆ ಬರುತ್ತದೆ. ಸೂರ್ಯದೇವತೆ ಅಮಾತೆರಾಸು ಗುಹೆಯೊಳಗೆ ಅಡಗಿಕೊಂಡು ಲೋಕ ಕತ್ತಲಾಯಿತು. ಆಗ ದೇವತೆಗಳು ಕಾಗು ಬೆಟ್ಟದ ಸಕಾಕಿ ಮರವನ್ನು ಬೇರುಸಮೇತ ಕಿತ್ತು ತಂದರು. ಮೇಲಿನ ಕೊಂಬೆಗೆ ಮಣಿಗಳು, ನಡುವೆ ಕನ್ನಡಿ, ಕೆಳಗೆ ಬಿಳಿ ಮತ್ತು ನೀಲಿ ಬಟ್ಟೆ ಕಟ್ಟಿದರು. ಅವತ್ತಿನ ಬಟ್ಟೆಯ ಜಾಗದಲ್ಲಿ ಇವತ್ತು ಕಾಗದ ಇದೆ. ಇದು ತಿಳಿದ ಮೇಲೆ ಒಂದು ಹಾಳೆಯನ್ನೂ ಮಣೆಯಿಂದ ಕೆಳಗೆ ಇಡಲು ನನಗೆ ಮನಸ್ಸು ಬರುವುದಿಲ್ಲ.

ಸಕಾಕಿ ಬೆಚ್ಚನೆಯ ಸೀಮೆಯ ಮರ. ನಮ್ಮ ಕಡೆ ಚಳಿ ಜಾಸ್ತಿ, ಹಾಗಾಗಿ ಅದರ ಬದಲು ಅದನ್ನೇ ಹೋಲುವ ‘ಹಿಸಕಾಕಿ’ ಬಳಸುವವರೇ ಹೆಚ್ಚು. ಗುರುತು ಹಿಡಿಯುವುದು ಸುಲಭ. ಎಲೆಯ ಅಂಚಿನ ಮೇಲೆ ಬೆರಳು ಆಡಿಸಿ. ಸಣ್ಣ ಹಲ್ಲು ತಾಗಿದರೆ ಹಿಸಕಾಕಿ. ನುಣ್ಣಗಿದ್ದು, ರೆಂಬೆಯ ತುದಿಯ ಮೊಗ್ಗು ಹಕ್ಕಿಯ ಉಗುರಿನಂತೆ ಬಾಗಿದ್ದರೆ ಅದು ಸಕಾಕಿ. ಅಂಗಡಿಗೆ ಬರುವ ಸಕಾಕಿಯಲ್ಲಿ ಬಹುಪಾಲು ಚೀನಾದ್ದು. ನನಗೇನೋ ಗುಡಿಯ ಹಿತ್ತಿಲಲ್ಲೇ ಬೆಳೆದ ಹಿಸಕಾಕಿಯೇ ಇಷ್ಟ.

ಎಲೆಗೊಂಬೆಗೆ ಶಿದೆ ಕಟ್ಟಿದರೆ ‘ತಮಾಗುಶಿ’. ಇದನ್ನು ಭಕ್ತರೇ ದೇವರಿಗೆ ಅರ್ಪಿಸಬೇಕು. ನಾನು ತಪ್ಪಿದ್ದು ಇಲ್ಲೇ. ಪುರೋಹಿತರು ಕೊಟ್ಟಾಗ ಬಲಗೈ ಒಂದನ್ನೇ ಚಾಚಿದೆ. ದೇವರ ವಸ್ತುವಿಗೆ ಎಡಗೈ ತಾಗಿಸಬಾರದು ಅಂತ ಅಮ್ಮ ಹೇಳಿ ಬೆಳೆಸಿದ್ದಾರೆ, ಕೈ ತಾನಾಗಿ ಹಿಂದಕ್ಕೆ ಹೋಯಿತು. ಕೊಂಬೆ ಜೋಲಿತು, ಕಾಗದ ನನ್ನ ಮೊಣಕೈಗೆ ತಾಗಿತು. ಪುರೋಹಿತರು ಮೆಲ್ಲಗೆ, “ಎಡಗೈಯನ್ನೂ ಕೊಡಿ, ಎಲೆಗೆ ಆಸರೆ ಬೇಕು” ಅಂದರು.

ಸರಿಯಾದ ರೀತಿ ಹೀಗೆ. ಬಲಗೈ ಮೇಲಿನಿಂದ ಕಾಂಡದ ಬುಡ ಹಿಡಿಯುತ್ತದೆ, ಎಡಗೈ ಕೆಳಗಿನಿಂದ ಎಲೆಗಳನ್ನು ಹೊರುತ್ತದೆ. ಎದೆಯ ಎತ್ತರದಲ್ಲಿ ಹಿಡಿದು, ಎಲೆಯ ಕಡೆ ಕೊಂಚ ಮೇಲಿರುವಂತೆ ದೇವರ ಮುಂದಿನ ಅರ್ಪಣೆಯ ಮಣೆಯವರೆಗೆ ನಡೆಯಬೇಕು. ಅಲ್ಲಿ ಕೊಂಬೆಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದರೆ ಬುಡ ನಮ್ಮ ಕಡೆಗೆ ಬರುತ್ತದೆ. ಎರಡೂ ಕೈಯಲ್ಲಿ ಬುಡ ಹಿಡಿದು ಪ್ರಾರ್ಥಿಸುವುದು ಆಗಲೇ. ಆಮೇಲೆ ಅದೇ ದಿಕ್ಕಿಗೆ ಅರ್ಧ ಸುತ್ತು. ಈಗ ಬುಡ ದೇವರ ಕಡೆ. ಹಾಗೇ ಮಣೆಯ ಮೇಲಿಟ್ಟು, ಹಿಂದೆ ಸರಿದು, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು. ಯಾರಿಗಾದರೂ ಚಾಕು ಕೊಡುವಾಗ ಹಿಡಿಯನ್ನು ಅವರ ಕಡೆ ಮಾಡಿ ಕೊಡುತ್ತೇವೆ ಅಲ್ವಾ, ಆ ಅರ್ಧ ಸುತ್ತು ನನಗೆ ಹಾಗೆ ನೆನಪಿರುತ್ತದೆ.

ಈ ಜೂನ್‌ನಲ್ಲಿ ಓನುಸಾಕ್ಕೆ ಕಟ್ಟಿದ್ದು ನಾನು ಕತ್ತರಿಸಿದ ಕಾಗದ. ಅದನ್ನು ಬೀಸುವಾಗ ಎಲ್ಲರೂ ತಲೆ ಬಗ್ಗಿಸಿರುತ್ತೇವೆ, ಏನೂ ಕಾಣುವುದಿಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ತಲೆಯ ಮೇಲೆ ಮೂರು ಸಲ ಸರ್ ಅಂತ ಸದ್ದು ಬಂತು. ಒಂದು ಮೂಲೆಯೂ ಹರಿದಿರಲಿಲ್ಲ.