ಹಡಗಿನ ಮೊದಲ ಪಾಳಿಗೆ ಹೊರಟ ದಾವಣಗೆರೆಯವರಿಗೆ

ಹತ್ತಿ ಗಿರಣಿಗಳ ಕಾಲವನ್ನು ಕಂಡ ದಾವಣಗೆರೆಯ ಮನೆಗಳಲ್ಲಿ ಪಾಳಿ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಕು ಹಡಗಿನ ದಿನಚರಿಯೂ ಪಾಳಿಯ ಮೇಲೆಯೇ ನಿಂತಿದೆ. ಅಲ್ಲಿ ಅದನ್ನು ವಾಚ್ ಎನ್ನುತ್ತಾರೆ. ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಕಾವಲು. ಸಾಮಾನ್ಯವಾಗಿ 12ರಿಂದ 4ರವರೆಗೆ ಸೆಕೆಂಡ್ ಆಫೀಸರ್, 4ರಿಂದ 8ರವರೆಗೆ ಚೀಫ್ ಆಫೀಸರ್, 8ರಿಂದ 12ರವರೆಗೆ ಥರ್ಡ್ ಆಫೀಸರ್ ಬ್ರಿಡ್ಜ್‌ನಲ್ಲಿ, ಅಂದರೆ ಹಡಗನ್ನು ನಡೆಸುವ ಮೇಲಿನ ಕೋಣೆಯಲ್ಲಿ, ಇರುತ್ತಾರೆ. ಹಗಲಿಗೂ ಇದೇ ಲೆಕ್ಕ, ರಾತ್ರಿಗೂ ಇದೇ. ಹೊಸ ಕೆಡೆಟ್‌ಗೆ, ಅಂದರೆ ತರಬೇತಿಯಲ್ಲಿರುವ ಅಧಿಕಾರಿಗೆ, ಹಲವು ಹಡಗುಗಳಲ್ಲಿ ಚೀಫ್ ಆಫೀಸರರ ಪಾಳಿ ಸಿಗುವುದರಿಂದ ಅದನ್ನೇ ಹಿಡಿದು ಹೇಳುತ್ತೇನೆ.

ನಸುಕಿನ 3.15ಕ್ಕೆ ಬ್ರಿಡ್ಜ್‌ನಿಂದ ಕ್ಯಾಬಿನ್‌ಗೆ ಫೋನ್ ಬರುತ್ತದೆ. ಪಾಳಿ 4ಕ್ಕಾದರೂ 3.40ಕ್ಕೆಲ್ಲ ಮೇಲೆ ಹತ್ತಿರಬೇಕು, ಏಕೆಂದರೆ ಬೆಳಕಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ, ಹೊಂದಿಕೊಳ್ಳುವ ತನಕ ಹಿಂದಿನ ಪಾಳಿಯವರಿಂದ ಹೊಣೆ ವಹಿಸಿಕೊಳ್ಳುವಂತಿಲ್ಲ. ನನ್ನ ಮೊದಲ ವಾರದಲ್ಲಿ ಹೊತ್ತು ನೋಡಲು ಜೇಬಿನಿಂದ ಮೊಬೈಲ್ ತೆಗೆದೆ; ಆ ಒಂದು ಬೆಳಕಿಗೆ ಅಲ್ಲಿದ್ದ ಮೂವರ ಕಣ್ಣೂ ಕೆಟ್ಟವು. ಬೈಗುಳ ಕನ್ನಡದಲ್ಲಿರಲಿಲ್ಲವಾದರೂ ಪೂರ್ತಿ ಅರ್ಥವಾಯಿತು. ಊರಿನಲ್ಲಿರುವಾಗಲೇ, ಚಿತ್ರದುರ್ಗದ ಕಡೆಯ ಯಾವುದಾದರೂ ಹಳ್ಳಿಯ ಮಾಳಿಗೆಯ ಮೇಲೆ ಕರೆಂಟು ಹೋದ ಹೊತ್ತಿನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ಆಕಾಶ ನೋಡಿ, ಮೊದಲ ನಿಮಿಷಕ್ಕೂ ಕೊನೆಯ ನಿಮಿಷಕ್ಕೂ ಎಷ್ಟು ನಕ್ಷತ್ರಗಳು ಹೆಚ್ಚಾದವೆಂದು ಗಮನಿಸಿದರೆ ಈ ನಿಯಮದ ಬೆಲೆ ತಿಳಿಯುತ್ತದೆ.

ದೂರದಲ್ಲಿ ದೀಪ ಕಂಡರೆ ಊಹಿಸುತ್ತ ನಿಲ್ಲದೆ ಕೂಡಲೇ ಯಾವ ದಿಕ್ಕಿನಲ್ಲಿದೆ ಎಂದು ಹೇಳಬೇಕು. ಕೆಂಪು ಕಂಡರೆ ಆ ಹಡಗಿನ ಎಡ ಮಗ್ಗುಲು, ಹಸಿರು ಕಂಡರೆ ಬಲ ಮಗ್ಗುಲು. ಎರಡೂ ಒಟ್ಟಿಗೆ ಕಂಡರೆ ಅದು ನಮ್ಮೆದುರಿಗೇ ಬರುತ್ತಿದೆ.

ಈ ಪಾಳಿಗೆ ಒಂದು ಸುಖವಿದೆ. ಸೂರ್ಯ ಹುಟ್ಟುವ ಮೊದಲು, ನಕ್ಷತ್ರಗಳೂ ದಿಗಂತದ ಗೆರೆಯೂ ಒಟ್ಟಿಗೆ ಕಾಣುವ ಕೆಲವೇ ನಿಮಿಷಗಳಲ್ಲಿ, ಸೆಕ್ಸ್‌ಟಂಟ್ ಎಂಬ ಕೋನ ಅಳೆಯುವ ಉಪಕರಣ ಹಿಡಿದು ದಿಗಂತದಿಂದ ನಕ್ಷತ್ರದ ಎತ್ತರ ಅಳೆದು ಹಡಗಿನ ಸ್ಥಾನ ಕಂಡುಕೊಳ್ಳಬಹುದು. ನಡುರಾತ್ರಿ ದಿಗಂತ ಕಾಣದು, ಬೆಳಗಾದ ಮೇಲೆ ನಕ್ಷತ್ರ ಕಾಣದು. ಜಿಪಿಎಸ್ ಇರುವಾಗ ಇದೇಕೆ ಎಂದು ಕೇಳಬೇಡಿ; ಕಲಿಸುವವರು ಪಕ್ಕದಲ್ಲಿರುವಾಗಲೇ ಕಲಿತುಬಿಡಿ.

ಎಂಟಕ್ಕೆ ತಿಂಡಿ, ಆಮೇಲೆ ಡೆಕ್ಕಿನಲ್ಲಿ ತುಕ್ಕು ಕೆರೆದು ಬಣ್ಣ ಬಳಿಯುವ ಕೆಲಸ. ಮಧ್ಯಾಹ್ನ ಹಡಗು ಇರುವ ಸ್ಥಾನ, ಕ್ರಮಿಸಿದ ದೂರ, ಸುಟ್ಟ ಎಣ್ಣೆ ಇವುಗಳ ಲೆಕ್ಕ ಕಂಪನಿಗೆ ಹೋಗುತ್ತದೆ. 13 ನಾಟ್, ಅಂದರೆ ಗಂಟೆಗೆ 13 ನಾಟಿಕಲ್ ಮೈಲಿ, ವೇಗದಲ್ಲಿ ದಿನಕ್ಕೆ 312 ನಾಟಿಕಲ್ ಮೈಲಿ, ಅಂದರೆ ಸುಮಾರು 578 ಕಿಲೋಮೀಟರ್; ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಬಂದದ್ದಕ್ಕಿಂತ ತುಸು ಹೆಚ್ಚು, ಅಷ್ಟೇ.

ಸಮುದ್ರ ಕೆರಳಿದಾಗ ತಟ್ಟೆಗಳು ಜಾರದಂತೆ ಅಡುಗೆಯವರು ಮೇಜಿನ ಬಟ್ಟೆಯನ್ನು ಒದ್ದೆ ಮಾಡುತ್ತಾರೆ. ಆ ಬಟ್ಟೆ ಕಂಡ ದಿನ ಊಟ ಬಿಡಬೇಡಿ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಹೆಚ್ಚುತ್ತದೆ. ನಾನು ಪ್ರತಿ ಸಲವೂ ನಮ್ಮೂರಿನ ಮಂಡಕ್ಕಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಒಯ್ಯುತ್ತೇನೆ. ಖಾರ ಹಚ್ಚದೆ ಒಣದಾಗಿಯೇ ತಿಂದು, ದಿಗಂತದ ಮೇಲೆ ಕಣ್ಣಿಟ್ಟು ನಿಂತರೆ ಹೊಟ್ಟೆ ತಹಬಂದಿಗೆ ಬರುತ್ತದೆ. ಮಿರ್ಚಿಯ ಆಸೆಯನ್ನು ಊರಿಗೆ ಮರಳುವ ತನಕ ತಡೆದುಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ನಿದ್ದೆ. ಅಂತರರಾಷ್ಟ್ರೀಯ ನಿಯಮದಂತೆ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, 7 ದಿನಗಳಲ್ಲಿ 77 ಗಂಟೆ ವಿಶ್ರಾಂತಿ ಸಿಗಬೇಕು. ದಿನದ ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಅದರಲ್ಲೊಂದು 6 ಗಂಟೆಗೆ ಕಡಿಮೆಯಿರಬಾರದು. ಸಂಜೆಯ ಪಾಳಿ 8ಕ್ಕೆ ಮುಗಿದ ಮೇಲೆ 8.45ಕ್ಕೆ ಮಲಗಿದರೆ ಆರೂವರೆ ಗಂಟೆ ದಕ್ಕುತ್ತದೆ, ಹರಟೆಗೆ ಕುಳಿತರೆ ಹೋಯಿತು. ಹಡಗು ಹೊರಳುವ ರಾತ್ರಿಗಳಲ್ಲಿ ಹಾಸಿಗೆಯ ಹೊರ ಅಂಚಿನ ಅಡಿಗೆ ಮಡಚಿದ ಕಂಬಳಿಯನ್ನೋ ಲೈಫ್‌ಜಾಕೆಟ್ಟನ್ನೋ ತುರುಕಿ, ಗೋಡೆಗೂ ಆ ಉಬ್ಬಿಗೂ ನಡುವಿನ ತಗ್ಗಿನಲ್ಲಿ ಮಲಗಿ; ಮೈ ಅತ್ತಿತ್ತ ಉರುಳುವುದಿಲ್ಲ.

ಪಶ್ಚಿಮಕ್ಕೆ ಸಾಗುವಾಗ 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆಯಂತೆ ಗಡಿಯಾರವನ್ನು ಹಿಂದೆ ತಿರುಗಿಸುತ್ತಾರೆ. ಸಿಂಗಪುರದಿಂದ ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಹೊರಟರೆ ದಾರಿಯುದ್ದಕ್ಕೂ ಹೀಗೆ ಒಟ್ಟು ಆರು ಗಂಟೆ. ಗಡಿಯಾರ ಹಿಂದೆ ಸರಿದ ದಿನ ಸೇರುವ ಆ ಹೆಚ್ಚಿನ ಒಂದು ಗಂಟೆ ಒಬ್ಬರ ತಲೆಯ ಮೇಲೆಯೇ ಬೀಳದಿರಲೆಂದು ಹಲವು ಹಡಗುಗಳಲ್ಲಿ ಮೂರು ಪಾಳಿಗಳಿಗೂ 20 ನಿಮಿಷದಂತೆ ಹಂಚುತ್ತಾರೆ. ಮಲಗುವ ಮೊದಲು ಸೂಚನಾ ಫಲಕ ನೋಡಿ ನಿಮ್ಮ ಅಲಾರಾಂ ತಿದ್ದಿಕೊಳ್ಳಿ.