ಪತ್ರ ಬರೆಯಲು ಜನ ಸೇರಿಸ್ತೀರಾ? ಮೊದಲು ವಿಳಾಸ ತರಿಸಿ

ಭಾನುವಾರ ಹತ್ತು ಹದಿನೈದು ಜನ ಕೂತು ಕೈಯಾರೆ ಪತ್ರ ಬರೆಯೋಣ ಅಂದರೆ ಕಲಬುರಗಿಯಲ್ಲಿ ಬರುವವರಿದ್ದಾರೆ. ಇಲ್ಲಿನ ಎಷ್ಟೋ ಮನೆಗಳಿಂದ ಯಾರಾದರೊಬ್ಬರು ಮುಂಬೈಗೋ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿದ್ದಾರೆ. ತೊಡಕು ಬೇರೆ ಕಡೆ ಇದೆ. ಅವರ ಫೋನ್ ನಂಬರ್ ಎಲ್ಲರ ಹತ್ತಿರ ಇರುತ್ತದೆ, ವಿಳಾಸ ಇರಲ್ಲ.

ಅದಕ್ಕೇ ಕರೆಯುವಾಗಲೇ ಹೇಳಿಬಿಡಿ: ಪೆನ್ನು ಹಾಳೆ ನಮ್ಮದು, ನೀವು ಒಂದು ಪೂರ್ತಿ ವಿಳಾಸ ತನ್ನಿ. ಮನೆ ನಂಬರು, ಓಣಿ, ಊರು, ಜಿಲ್ಲೆ, ಕೊನೆಗೆ ಪಿನ್‌ಕೋಡ್. ಒಂದೇ ಹೆಸರಿನ ಊರುಗಳು, ಬೇರೆ ಬೇರೆ ಭಾಷೆಯ ವಿಳಾಸಗಳಿಂದ ಆಗುತ್ತಿದ್ದ ಗೊಂದಲ ತಪ್ಪಿಸಲೆಂದೇ 1972ರಲ್ಲಿ ಪಿನ್‌ಕೋಡ್ ಬಂತು. ನಮ್ಮಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಬರೆಯುವವರೆಲ್ಲ ಒಂದೇ ಓಣಿಯಲ್ಲಿರುತ್ತಾರೆ, ಹಾಗಾಗಿ ಆ ಆರು ಅಂಕಿ ತಪ್ಪಲೇಬಾರದು. ಕಲಬುರಗಿ ಪ್ರಧಾನ ಅಂಚೆ ಕಚೇರಿಯದು 585101, ಬೀದರದ್ದು 585401.

ನಾಲ್ಕು ದಿನ ಮೊದಲೇ ಅಂಚೆ ಕಚೇರಿಗೆ ಹೋಗಿ ವಿಚಾರಿಸಿ, ಸಣ್ಣ ಕಚೇರಿಗಳಲ್ಲಿ ಕಾರ್ಡು ಖಾಲಿಯಾಗಿರಬಹುದು. ಪೋಸ್ಟ್ ಕಾರ್ಡ್ 50 ಪೈಸೆ, ಇನ್‌ಲ್ಯಾಂಡ್ ಲೆಟರ್ ಎರಡೂವರೆ ರೂಪಾಯಿ. 20 ಗ್ರಾಂವರೆಗಿನ ಕವರಿಗೆ 5 ರೂಪಾಯಿ ಸ್ಟಾಂಪ್. ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು ಅಲ್ವಾ, ಮನೆಯ ಗುಟ್ಟಿದ್ದರೆ ಇನ್‌ಲ್ಯಾಂಡ್ ಕೊಡಿ. ಇನ್‌ಲ್ಯಾಂಡ್ ಒಳಗೆ ಫೋಟೋ ಇಡುವಂತಿಲ್ಲ, ಅದಕ್ಕೆ ಕವರೇ ಬೇಕು. ಜೆಲ್ ಪೆನ್ ಬೇಡ, ನೀರು ಬಿದ್ದರೆ ಹರಡುತ್ತದೆ.

ಬೇಸಿಗೆಯಾದರೆ ಸಂಜೆ ಐದರ ಮೇಲೆ ಸೇರಿ. ಗುಡಿ ಕಟ್ಟೆಯಾದರೂ ಆಯಿತು, ಶಾಲೆ ಕೋಣೆಯಾದರೂ ಆಯಿತು. ಮಕ್ಕಳ ಪರೀಕ್ಷೆ ಪ್ಯಾಡ್ ಕೇಳಿ ತನ್ನಿ, ತೊಡೆ ಮೇಲಿಟ್ಟುಕೊಂಡು ಬರೆಯಲು ಅದೇ ಸಾಕು. ಸುಸಲಾ, ಮಿರ್ಚಿ ಬರೆದು ಮುಗಿದ ಮೇಲೇ ಹಂಚಿ, ಎಣ್ಣೆ ತಾಗಿದ ಕಡೆ ಪೆನ್ನು ಓಡಲ್ಲ.

ಬಹಳ ಜನ ಮೊದಲ ಸಾಲಿನಲ್ಲೇ ನಿಂತುಬಿಡುತ್ತಾರೆ. ಅವರಿಗೆ ಉಪದೇಶ ಬೇಡ, ಸುಮ್ನೆ ಒಂದು ಪ್ರಶ್ನೆ ಕೇಳಿ: ಈ ವಾರ ಮನೆಯಲ್ಲಿ ಏನಾಯಿತು? ತೊಗರಿ ರಾಶಿ ಆಯಿತೋ, ಎಮ್ಮೆ ಈಯಿತೋ, ಅದನ್ನೇ ಬರೆಯಲಿ.

ಬರೆಯಲು ಬಾರದವರನ್ನು ಖಂಡಿತ ಕರೆಯಿರಿ, ನನ್ನ ಮಟ್ಟಿಗೆ ಇಂಥ ಕೂಟ ಮೊದಲು ಅವರದ್ದೇ. ಓದು ಬರಹ ಚೆನ್ನಾಗಿರುವ ಹುಡುಗ ಹುಡುಗಿಯರನ್ನು ಪಕ್ಕಕ್ಕೆ ಕೂರಿಸಿ, ಆದರೆ ಒಂದು ಮಾತು ಗಟ್ಟಿಯಾಗಿ ಹೇಳಿ: ತಿದ್ದಬೇಡಿ. ಆಯಿ ‘ಹ್ಯಾಂಗಿದ್ದಿ ಮಗಾ, ಹೊತ್ತಿಗೆ ಸರಿಯಾಗಿ ಉಣ್ತೀ ಇಲ್ಲೋ’ ಅಂದರೆ ಹಾಗೇ ಬರೆಯಬೇಕು, ‘ನೀನು ಕ್ಷೇಮವೆಂದು ಭಾವಿಸುತ್ತೇನೆ’ ಅಂತ ಬದಲಿಸಿದರೆ ಪುಣೆಯಲ್ಲಿರುವ ಮಗನಿಗೆ ಆಯಿಯ ದನಿ ಸಿಗಲ್ಲ. ಬರೆದದ್ದನ್ನು ಮೆಲ್ಲಗೆ ಓದಿ ಹೇಳಿ, ಅವರು ಹ್ಞೂಂ ಅಂದ ಮೇಲೆ ಕೆಳಗೆ ಅವರ ಕೈಯಿಂದಲೇ ಒಂದು ಗುರುತು ಹಾಕಿಸಿ. ಹೆಬ್ಬೆಟ್ಟಾದರೂ ಸರಿ.

ಪತ್ರದ ಮೇಲೆ ಕಳುಹಿಸುವವರ ವಿಳಾಸವೂ ಇದೆಯಾ ನೋಡಿ, ಇಲ್ಲದಿದ್ದರೆ ಉತ್ತರ ಬರುವುದು ಹೇಗೆ? ಪತ್ರವನ್ನು ಯಾರೂ ಮನೆಗೆ ಒಯ್ಯದಂತೆ ನೋಡಿಕೊಳ್ಳಿ, ನಾಳೆ ಹಾಕ್ತೀನಿ ಅಂದದ್ದು ಚೀಲದಲ್ಲೇ ಉಳಿಯುತ್ತದೆ. ಎಲ್ಲರೂ ಒಟ್ಟಿಗೇ ಹೋಗಿ ಕೆಂಪು ಡಬ್ಬಿಗೆ ಹಾಕಿ ಬನ್ನಿ. ಉತ್ತರ ಬಂದವರು ಮುಂದಿನ ಕೂಟಕ್ಕೆ ತರಲಿ, ಮನಸ್ಸಿದ್ದರೆ ಓದಲಿ.